ಎಸ್ಕ್ರೋ ಬ್ಯಾಚ್ ಸೆಟಲ್ ಆಗದಿದ್ದರೆ ಎಲ್ಲಿಂದ ನೋಡಬೇಕು

ಬ್ಯಾಚ್ (ಒಟ್ಟಿಗೆ ಕಳಿಸಿದ ಪಾವತಿಗಳ ಕಟ್ಟು) ಫೇಲ್ ಆಯಿತು ಅಂತ ಎಐ ಏಜೆಂಟ್ ಹೇಳಿದ ತಕ್ಷಣ ಇನ್ನೊಮ್ಮೆ ರನ್ ಮಾಡಬೇಡಿ. ಏಜೆಂಟ್‌ಗೂ ಮಾಡಲು ಬಿಡಬೇಡಿ. ರಿಟ್ರೈ ಆಫ್ ಮಾಡಿ, ಆಮೇಲೆ ಮುಂದಿನದನ್ನು ಓದಿ. ಎಸ್ಕ್ರೋದಲ್ಲಿ, ಅಂದರೆ ಕೆಲಸ ಮುಗಿಯುವ ತನಕ ತಡೆದಿಡುವ ಜಾಗದಲ್ಲಿ, ಕೂತ ದುಡ್ಡು ಅಲ್ಲೇ ಇರುತ್ತದೆ. ಅವಸರದಲ್ಲಿ ಕಳಿಸಿದ ಎರಡನೇ ಟ್ರಾನ್ಸಾಕ್ಷನ್‌ನಿಂದಲೇ ತೊಂದರೆ ಜಾಸ್ತಿ.

ಇಲ್ಲಿ ಹೇಳುತ್ತಿರುವುದು ಈ ಥರದ ಟೂಲ್ ಬಗ್ಗೆ. ಕೆಲಸ ಕೊಡುವ ಏಜೆಂಟ್ ಬೇಸ್ ಚೈನ್‌ನ (ಇಥೀರಿಯಂ ಮೇಲೆ ಕಟ್ಟಿದ ಬ್ಲಾಕ್‌ಚೈನ್) ಎಸ್ಕ್ರೋ ಕಾಂಟ್ರಾಕ್ಟ್‌ನಲ್ಲಿ (ಚೈನ್ ಮೇಲೆ ಓಡುವ ಕೋಡ್) ಯುಎಸ್‌ಡಿಸಿ (ಡಾಲರ್ ಬೆಲೆಗೆ ಹೊಂದಿಸಿದ ಟೋಕನ್) ಕಟ್ಟುತ್ತದೆ. ಕೆಲಸ ಮಾಡುವ ಏಜೆಂಟ್ ಕೆಲಸ ಮುಗಿಸಿ ಒಪ್ಪಿಸುತ್ತದೆ. ಕೊಟ್ಟ ಏಜೆಂಟ್ ನೋಡಿ, ಒಪ್ಪಿ, ಸಹಿ ಹಾಕಿದರೆ ಆ ಎಸ್ಕ್ರೋ ‘ಬಿಡುಗಡೆಗೆ ಸಿದ್ಧ’ ಆಗುತ್ತದೆ. ಇಂಥವನ್ನೆಲ್ಲ ಟೂಲ್ ಒಟ್ಟುಹಾಕಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೆಟಲ್ ಮಾಡುತ್ತದೆ. ಪ್ರತಿ ಟ್ರಾನ್ಸಾಕ್ಷನ್‌ಗೂ 21,000 ಗ್ಯಾಸ್‌ನ (ಚೈನ್ ಮೇಲೆ ಕೋಡ್ ಓಡಿಸುವ ಖರ್ಚಿನ ಅಳತೆ) ಮೂಲ ಖರ್ಚು ಇದ್ದೇ ಇರುತ್ತದೆ. ಒಟ್ಟಿಗೆ ಕಳಿಸಿದರೆ ಅದನ್ನು ಒಮ್ಮೆ ಮಾತ್ರ ಕೊಡಬೇಕು. ಒಂದು ಎಸ್ಕ್ರೋ ಕೆಟ್ಟರೆ ಬೇರೆಯವು ನಿಲ್ಲಬಾರದು ಅಂತ ಕಾಂಟ್ರಾಕ್ಟ್‌ನಲ್ಲಿ ಒಂದೊಂದನ್ನೂ ಟ್ರೈ-ಕ್ಯಾಚ್ (ತಪ್ಪಾದರೆ ಅಲ್ಲೇ ಹಿಡಿದು ಮುಂದೆ ಸಾಗುವ ಕೋಡ್) ಒಳಗೆ ನಡೆಸುತ್ತಾರೆ. ಈ ಟ್ರೈ-ಕ್ಯಾಚ್ ನೆನಪಿಟ್ಟುಕೊಳ್ಳಿ. ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ಮೂರು ಕಡೆ ಲೆಕ್ಕ ಇದೆ

ಒಂದು ಎಸ್ಕ್ರೋದ ಸ್ಥಿತಿ ಮೂರು ಕಡೆ ಬರೆದಿರುತ್ತದೆ. ಏಜೆಂಟ್‌ನ ಸಂಭಾಷಣೆಯಲ್ಲಿ ಒಂದು, ಟೂಲ್‌ನ ಡೇಟಾಬೇಸ್‌ನಲ್ಲಿ ಒಂದು, ಚೈನ್ ಮೇಲಿನ ಕಾಂಟ್ರಾಕ್ಟ್‌ನಲ್ಲಿ ಒಂದು. ದೋಷ ಅಂದರೆ ಇವುಗಳಲ್ಲಿ ಯಾವುದೋ ಎರಡು ಹೊಂದುತ್ತಿಲ್ಲ ಅಂತ ಅರ್ಥ. ಹಾಗಾಗಿ ಮೊದಲ ಕೆಲಸ ಸುಲಭ: ತಕರಾರಿರುವ ಒಂದು ಎಸ್ಕ್ರೋ ಐಡಿ ತಗೊಳ್ಳಿ, ಮೂರೂ ಕಡೆ ಅದರ ಸ್ಥಿತಿ ಏನಿದೆ ಅಂತ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ದುಡ್ಡಿನ ವಿಷಯದಲ್ಲಿ ಚೈನ್ ಹೇಳಿದ್ದೇ ಕೊನೆಯ ಮಾತು. ಮಿಕ್ಕ ಎರಡನ್ನು ಅದಕ್ಕೆ ಹೊಂದಿಸಬೇಕು, ಅದನ್ನು ಇವಕ್ಕಲ್ಲ.

ಏಜೆಂಟ್‌ಗೂ ಟೂಲ್‌ಗೂ ಹೊಂದದಿದ್ದರೆ ಸಾಮಾನ್ಯವಾಗಿ ಟೈಮ್‌ಔಟ್ ಅಥವಾ ತಪ್ಪು ಐಡಿ. ಟೂಲ್‌ಗೂ ಚೈನ್‌ಗೂ ಹೊಂದದಿದ್ದರೆ ರಿಸೀಟ್ (ಟ್ರಾನ್ಸಾಕ್ಷನ್ ಏನಾಯಿತು ಅಂತ ಚೈನ್ ಕೊಡುವ ದಾಖಲೆ) ಓದಿದ್ದರಲ್ಲಿ ತಪ್ಪು, ಇಲ್ಲವೇ ಹಿಂದೆ ಬಿದ್ದ ನೋಡ್ (ಚೈನ್‌ನ ಪ್ರತಿ ಇಟ್ಟುಕೊಂಡ ಕಂಪ್ಯೂಟರ್). ಮೂರೂ ಒಂದೇ ಹೇಳುತ್ತಿವೆ, ಆದರೂ ಸೆಟಲ್ ಆಗಿಲ್ಲ ಅಂದರೆ ಸಹಿ, ಮೊತ್ತ, ಗಡುವು, ಗ್ಯಾಸ್ ಇವುಗಳಲ್ಲಿ ಒಂದು.

ಚೈನ್ ಸ್ಥಿತಿ ಓದುವಾಗ ಒಂದು ಎಚ್ಚರ. ಆರ್‌ಪಿಸಿ ಸೇವೆಯ (ಚೈನ್‌ಗೆ ಪ್ರಶ್ನೆ ಕಳಿಸುವ ದಾರಿ) ಹಿಂದೆ ಹಲವು ನೋಡ್‌ಗಳಿರುತ್ತವೆ. ರಿಸೀಟ್ ಕೊಟ್ಟ ನೋಡ್ ಒಂದು, ಮರುಕ್ಷಣ ಸ್ಥಿತಿ ಹೇಳುವ ನೋಡ್ ಇನ್ನೊಂದು. ಬೇಸ್‌ನಲ್ಲಿ 2 ಸೆಕೆಂಡಿಗೆ ಒಂದು ಬ್ಲಾಕ್ ಬರುತ್ತದೆ. ಎರಡನೇ ನೋಡ್ ಒಂದೆರಡು ಬ್ಲಾಕ್ ಹಿಂದಿದ್ದರೆ ಸಾಕು, ‘ಸೆಟಲ್ ಆಗಿಲ್ಲ’ ಅಂತ ಹಳೆಯ ಉತ್ತರ ಬರುತ್ತದೆ. ಓದುವಾಗ ‘ಲೇಟೆಸ್ಟ್’ ಅಂತ ಕೇಳಬೇಡಿ. ರಿಸೀಟ್‌ನಲ್ಲಿರುವ ಬ್ಲಾಕ್ ಸಂಖ್ಯೆಯನ್ನೇ ಕೊಟ್ಟು ಕೇಳಿ. ಆ ಬ್ಲಾಕ್ ಇನ್ನೂ ಬಂದಿರದ ನೋಡ್ ಆಗ ಹಳೆಯ ಉತ್ತರ ಕೊಡುವ ಬದಲು ಎರರ್ ಕೊಡುತ್ತದೆ. ಅದೇ ನಮಗೆ ಬೇಕಾದದ್ದು.

ರಿಸೀಟ್ ಪಾಸ್, ಕೆಲವರಿಗೆ ಮಾತ್ರ ದುಡ್ಡು ಬಂದಿಲ್ಲ

ಅತಿ ಹೆಚ್ಚು ಬರುವ ದೂರು ಇದೇ. ರಿಸೀಟ್‌ನಲ್ಲಿ ಸ್ಟೇಟಸ್ 1 ಇದೆ. ಟೂಲ್ ಹಸಿರು ಗುರುತು ಹಾಕಿದೆ. ಆದರೆ ಒಬ್ಬಿಬ್ಬರ ವಾಲೆಟ್ ಖಾಲಿ.

ಸ್ಟೇಟಸ್ 1 ಅಂದರೆ ಹೊರಗಿನ ಟ್ರಾನ್ಸಾಕ್ಷನ್ ರಿವರ್ಟ್ ಆಗಲಿಲ್ಲ (ಪೂರ್ತಿ ರದ್ದಾಗಲಿಲ್ಲ) ಅಂತ ಅಷ್ಟೇ. ಒಳಗೆ ಟ್ರೈ-ಕ್ಯಾಚ್ ಹಿಡಿದು ನುಂಗಿದ ವೈಫಲ್ಯಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಲಾಗ್ (ಕಾಂಟ್ರಾಕ್ಟ್ ರಿಸೀಟ್‌ನಲ್ಲಿ ಬರೆದ ಗುರುತುಗಳು) ಎಣಿಸಬೇಕು.

ಒಂದು ರಿಸೀಟ್ ಹತ್ತಿರದಿಂದ ನೋಡೋಣ. ಬ್ಯಾಚ್‌ನಲ್ಲಿ 25 ಎಸ್ಕ್ರೋ ಇವೆ ಅಂತಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಮೂರು ಲಾಗ್ ಬರಬೇಕು: ಕೆಲಸಗಾರ ಏಜೆಂಟ್‌ಗೆ ಯುಎಸ್‌ಡಿಸಿ ಹೋದ ಟ್ರಾನ್ಸ್‌ಫರ್, ಶುಲ್ಕದ ಟ್ರಾನ್ಸ್‌ಫರ್, ಕಾಂಟ್ರಾಕ್ಟ್‌ನ ‘ಸೆಟಲ್ಡ್’ ಇವೆಂಟ್. ಎಲ್ಲ ಸರಿಯಿದ್ದರೆ ಒಟ್ಟು 75. ನಿಮ್ಮ ರಿಸೀಟ್‌ನಲ್ಲಿ 73 ಇದೆ. ಎರಡು ಕಡಿಮೆ ಇದ್ದರೆ ಒಂದು ಎಸ್ಕ್ರೋ ಬಿದ್ದಿದೆ ಅಂತ ಲೆಕ್ಕ. 24 ಸಲ ಮೂರು ಅಂದರೆ 72, ಬಿದ್ದದ್ದಕ್ಕೆ ‘ಐಟಂ ಫೇಲ್ಡ್’ ಅಂತ ಒಂದೇ ಲಾಗ್. ಒಳಗಿನ ಕರೆ ರಿವರ್ಟ್ ಆದಾಗ ಅದರ ಟ್ರಾನ್ಸ್‌ಫರ್ ಲಾಗ್‌ಗಳೂ ಅಳಿಸಿಹೋಗುತ್ತವೆ, ಅದಕ್ಕೇ ಈ ಲೆಕ್ಕ. ಟೂಲ್ ಕೋಡ್‌ನಲ್ಲಿ ಇದೊಂದು ಎಣಿಕೆ ಹಾಕಿಬಿಟ್ಟರೆ ಈ ದೂರುಗಳಲ್ಲಿ ಬಹಳಷ್ಟು ನಿಮ್ಮ ತನಕ ಬರುವುದೇ ಇಲ್ಲ.

ಈಗ ಆ ‘ಐಟಂ ಫೇಲ್ಡ್’ ಇವೆಂಟ್‌ನ ಡೇಟಾ ತೆಗೆದು ಮೊದಲ ನಾಲ್ಕು ಬೈಟ್ ನೋಡಿ. 08ಸಿ379ಎ0 ಅಂತ ಶುರುವಾದರೆ ಒಳ್ಳೆಯದು, ಮುಂದೆ ಓದಬಹುದಾದ ಕಾರಣ ಇದೆ. 4ಇ487ಬಿ71 ಅಂತ ಶುರುವಾದರೆ ಅದು ಸಾಲಿಡಿಟಿಯ (ಕಾಂಟ್ರಾಕ್ಟ್ ಬರೆಯುವ ಭಾಷೆ) ಪ್ಯಾನಿಕ್. ಅದರ ಕೊನೆಯಲ್ಲಿ 11 ಇದ್ದರೆ ಲೆಕ್ಕ ಮಿತಿ ಮೀರಿದೆ, 12 ಇದ್ದರೆ ಸೊನ್ನೆಯಿಂದ ಭಾಗಿಸಿದೆ, 32 ಇದ್ದರೆ ಅರೇಯಲ್ಲಿ ಇಲ್ಲದ ಜಾಗಕ್ಕೆ ಕೈ ಹಾಕಿದೆ. 32 ಬಂದರೆ ಐಡಿಗಳ ಪಟ್ಟಿ ಮತ್ತು ಸಹಿಗಳ ಪಟ್ಟಿ ಉದ್ದದಲ್ಲಿ ಸಮ ಇವೆಯಾ ನೋಡಿ, ಸಾಮಾನ್ಯವಾಗಿ ಅದೇ. ಬೇರೆ ನಾಲ್ಕು ಬೈಟ್ ಇದ್ದರೆ ಅದು ಕಸ್ಟಮ್ ಎರರ್, ಕಾಂಟ್ರಾಕ್ಟ್‌ನ ಎಬಿಐ (ಅದರ ಕರೆ, ಎರರ್‌ಗಳ ವಿವರಪಟ್ಟಿ) ಇಲ್ಲದೆ ಓದಲು ಆಗುವುದಿಲ್ಲ.

ಕಾರಣದಲ್ಲಿ ‘ಬ್ಲ್ಯಾಕ್‌ಲಿಸ್ಟೆಡ್’ ಅನ್ನುವ ಪದ ಕಂಡರೆ ನೀವು ಮಾಡುವುದೇನೂ ಉಳಿದಿಲ್ಲ. ಯುಎಸ್‌ಡಿಸಿ ಕೊಡುವ ಸರ್ಕಲ್ ಸಂಸ್ಥೆಗೆ ವಿಳಾಸಗಳನ್ನು ತಡೆಹಿಡಿಯುವ ಅಧಿಕಾರ ಟೋಕನ್ ಕಾಂಟ್ರಾಕ್ಟ್‌ನಲ್ಲೇ ಇದೆ. 2022ರ ಆಗಸ್ಟ್‌ನಲ್ಲಿ ಟೊರ್ನೇಡೊ ಕ್ಯಾಶ್ ಮೇಲೆ ಅಮೆರಿಕ ನಿರ್ಬಂಧ ಹಾಕಿದಾಗ ಅದನ್ನು ಬಳಸಿದ್ದೂ ಉಂಟು. ಅಂಥ ವಿಳಾಸಕ್ಕೆ ಎಷ್ಟು ಸಲ ಕಳಿಸಿದರೂ ರಿವರ್ಟ್ ಆಗುತ್ತದೆ. ಆ ಎಸ್ಕ್ರೋವನ್ನು ಬ್ಯಾಚ್‌ನಿಂದ ತೆಗೆದು ಪಕ್ಕಕ್ಕಿಡಿ.

ಡೇಟಾ ಖಾಲಿ ಇದ್ದರೆ? ಆಗ ಗ್ಯಾಸ್ ಕಡೆ ತಿರುಗಬೇಕು.

ಗ್ಯಾಸ್ ಎಸ್ಟಿಮೇಟ್ ಸುಳ್ಳು ಹೇಳುವುದು ಹೀಗೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ.

ನೋಡ್‌ಗೆ ಗ್ಯಾಸ್ ಅಂದಾಜು ಕೇಳಿದಾಗ ಅದು ಬೇರೆ ಬೇರೆ ಮೊತ್ತ ಹಾಕಿ ನೋಡುತ್ತದೆ. ಟ್ರಾನ್ಸಾಕ್ಷನ್ ರಿವರ್ಟ್ ಆಗದೆ ಮುಗಿಯುವ ಅತಿ ಕಡಿಮೆ ಮೊತ್ತವನ್ನು ಹುಡುಕುತ್ತದೆ. ಸರಿಯಾದ ಕ್ರಮವೇ. ಆದರೆ ನಮ್ಮ ಬ್ಯಾಚ್‌ನಲ್ಲಿ ಟ್ರೈ-ಕ್ಯಾಚ್ ಇದೆಯಲ್ಲ? ಒಳಗಿನ ಎಸ್ಕ್ರೋ ಗ್ಯಾಸ್ ಸಾಲದೆ ಬಿದ್ದರೂ ಹೊರಗಿನದು ರಿವರ್ಟ್ ಆಗುವುದಿಲ್ಲ. ನೋಡ್‌ನ ಕಣ್ಣಿಗೆ ಅದೂ ‘ಪಾಸ್’. ಹೀಗೆ ಒಳಗಿನದೊಂದು ಬಿದ್ದೇ ಬೀಳುವಷ್ಟು ಕಡಿಮೆ ಗ್ಯಾಸನ್ನೇ ಅದು ಸಾಕು ಅಂತ ಹೇಳಬಹುದು.

ಇದಕ್ಕೆ ಇನ್ನೊಂದು ನಿಯಮ ಸೇರುತ್ತದೆ. ಕಾಂಟ್ರಾಕ್ಟ್ ಒಳಗಿನಿಂದ ಇನ್ನೊಂದು ಕರೆ ಮಾಡುವಾಗ, ಉಳಿದ ಗ್ಯಾಸ್‌ನ 64ರಲ್ಲಿ 63 ಭಾಗದಷ್ಟನ್ನು ಮಾತ್ರ ಕೊಡಬಹುದು. ಒಂದು ಭಾಗ ಕರೆದವರ ಹತ್ತಿರ ಉಳಿಯುತ್ತದೆ. ಒಳಗಿನ ಕರೆ ಹಗುರ ಇದ್ದರೆ ಆ ಒಂದು ಭಾಗ ‘ಐಟಂ ಫೇಲ್ಡ್’ ಲಾಗ್ ಬರೆಯುವುದಕ್ಕೂ ಸಾಲದು, ಇಡೀ ಟ್ರಾನ್ಸಾಕ್ಷನ್ ಬೀಳುತ್ತದೆ. ಅದು ಒಳ್ಳೆಯದೇ, ಗೊತ್ತಾದರೂ ಆಗುತ್ತದೆ. ಒಳಗಿನ ಕರೆ ಭಾರಿ ಗ್ಯಾಸ್ ತಿನ್ನುವಂಥದ್ದಾದರೆ, ಉದಾಹರಣೆಗೆ ಕಾಂಟ್ರಾಕ್ಟ್ ವಾಲೆಟ್‌ನ (ತಾನೇ ಒಂದು ಕಾಂಟ್ರಾಕ್ಟ್ ಆಗಿರುವ ವಾಲೆಟ್) ಸಹಿ ಪರೀಕ್ಷೆ ಇದ್ದರೆ, ಉಳಿದ ಒಂದು ಭಾಗದಲ್ಲೇ ಲಾಗ್ ಬರೆದು ಟ್ರಾನ್ಸಾಕ್ಷನ್ ಸದ್ದಿಲ್ಲದೆ ಮುಗಿಯುತ್ತದೆ.

ಗುರುತು ಹಿಡಿಯುವುದು ಹೇಗೆ? ಬಿದ್ದ ಎಸ್ಕ್ರೋ ಬ್ಯಾಚ್‌ನ ಬಾಲದಲ್ಲಿದೆ, ಡೇಟಾ ಖಾಲಿ, ಬಳಸಿದ ಗ್ಯಾಸ್ ಲಿಮಿಟ್‌ಗೆ ತೀರಾ ಹತ್ತಿರ. ಮೂರೂ ಸೇರಿದರೆ ಗ್ಯಾಸೇ. ಬಿದ್ದದ್ದು ನಡುವೆ ಎಲ್ಲೋ ಇದ್ದು ಅದರ ಮುಂದಿನವು ಸೆಟಲ್ ಆಗಿದ್ದರೆ ಗ್ಯಾಸ್ ಅಲ್ಲ, ಆ ಎಸ್ಕ್ರೋದ ಡೇಟಾದಲ್ಲೇ ಏನೋ ಇದೆ. ಅನುಮಾನ ಇದ್ದರೆ ಅದೇ ಬ್ಯಾಚನ್ನು ಹಳೆಯ ಬ್ಲಾಕ್ ಮೇಲೆ, ಕ್ರಮ ತಿರುವಿ, ಸಿಮ್ಯುಲೇಟ್ ಮಾಡಿ. ಬೀಳುವ ಐಡಿ ಬದಲಾದರೆ ಗ್ಯಾಸ್, ಅದೇ ಐಡಿ ಬಿದ್ದರೆ ಡೇಟಾ. ಸಿಮ್ಯುಲೇಟ್ ಮಾಡುವಾಗ ಗ್ಯಾಸ್ ಲಿಮಿಟ್ ಮೊದಲಿನದ್ದೇ ಕೊಡಿ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

ಅಂದಾಜಿನ ಮೇಲೆ ಇಂತಿಷ್ಟು ಶೇಕಡಾ ಅಂತ ಸುಮ್ನೆ ಸೇರಿಸುವುದು ನನಗೆ ಇಷ್ಟವಿಲ್ಲ, ಅದು ಬಾಲದ ಸಮಸ್ಯೆಯನ್ನು ಮುಂದೂಡುತ್ತದೆ ಅಷ್ಟೇ. ಪ್ರತಿ ಎಸ್ಕ್ರೋ ಶುರು ಮಾಡುವ ಮುಂಚೆ ಕಾಂಟ್ರಾಕ್ಟೇ ಉಳಿದ ಗ್ಯಾಸ್ ನೋಡಬೇಕು, ಸಾಲದಿದ್ದರೆ ಇಡೀ ಬ್ಯಾಚನ್ನು ರಿವರ್ಟ್ ಮಾಡಬೇಕು. ಆಗ ನೋಡ್‌ನ ಅಂದಾಜೂ ತಾನಾಗಿ ಸರಿಯಾಗುತ್ತದೆ. ಬ್ಯಾಚ್ ಬಹಳ ದೊಡ್ಡದು ಮಾಡುವ ಆಸೆ ಇದ್ದರೆ ಇದೂ ಗೊತ್ತಿರಲಿ: ಇಥೀರಿಯಂ ಮುಖ್ಯ ಚೈನ್‌ನಲ್ಲಿ 2025ರ ಡಿಸೆಂಬರ್‌ನ ಫುಸಾಕಾ ಅಪ್‌ಗ್ರೇಡ್ ಆದಮೇಲೆ ಒಂದು ಟ್ರಾನ್ಸಾಕ್ಷನ್‌ಗೆ 1,67,77,216 ಗ್ಯಾಸ್‌ನ ಮಿತಿ ಇದೆ. ಬ್ಲಾಕ್‌ನಲ್ಲಿ ಎಷ್ಟೇ ಜಾಗ ಇದ್ದರೂ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ.

ಏಜೆಂಟ್ ಫೇಲ್ ಅನ್ನುತ್ತದೆ, ಚೈನ್ ಸೆಟಲ್ ಆಗಿದೆ ಅನ್ನುತ್ತದೆ

ಏಜೆಂಟ್‌ಗಳು ಟೂಲ್ ಕರೆಯುವುದು ಈಗ ಹೆಚ್ಚಾಗಿ ಎಂಸಿಪಿ (ಏಜೆಂಟ್ ಮತ್ತು ಟೂಲ್ ಮಾತಾಡಿಕೊಳ್ಳುವ ನಿಯಮ) ಮೂಲಕ. ಅದರ ಟೈಪ್‌ಸ್ಕ್ರಿಪ್ಟ್ ಎಸ್‌ಡಿಕೆಯಲ್ಲಿ ನಾವೇ ಬದಲಾಯಿಸದಿದ್ದರೆ ಟೈಮ್‌ಔಟ್ 60 ಸೆಕೆಂಡ್. ಟೂಲ್ ಟ್ರಾನ್ಸಾಕ್ಷನ್ ಕಳಿಸಿ, ಸುರಕ್ಷಿತ ಅಂತ ಖಾತ್ರಿಯಾಗುವವರೆಗೂ ಕಾಯುತ್ತಾ ಕೂತರೆ 60 ಸೆಕೆಂಡ್ ಸುಲಭವಾಗಿ ದಾಟುತ್ತದೆ. ಇಥೀರಿಯಂನಲ್ಲಿ ಪೂರ್ತಿ ಫೈನಲ್ ಆಗಲು ಎರಡು ಎಪಾಕ್, ಅಂದರೆ ಸುಮಾರು 13 ನಿಮಿಷ ಬೇಕು. ಏಜೆಂಟ್‌ಗೆ ಸಿಗುವುದು ಟೈಮ್‌ಔಟ್ ಎರರ್ ಮಾತ್ರ. ಅದು ‘ಫೇಲ್ ಆಯಿತು’ ಅಂತ ತೀರ್ಮಾನಿಸಿ ಮತ್ತೆ ಕರೆಯುತ್ತದೆ.

ಎರಡನೇ ಕರೆಯಲ್ಲಿ ಬ್ಯಾಚ್ ಐಡಿ ಹೊಸದು. ಟೂಲ್‌ಗೆ ಅದು ಹೊಸ ಕೆಲಸ. ಕಾಂಟ್ರಾಕ್ಟ್ ‘ಆಗಲೇ ಸೆಟಲ್ ಆಗಿದೆ’ ಅಂತ ತಿರಸ್ಕರಿಸುತ್ತದೆ, ದುಡ್ಡು ಎರಡು ಸಲ ಹೋಗುವುದಿಲ್ಲ. ಇಲ್ಲಿಗೆ ಮುಗಿದರೆ ಪರವಾಗಿಲ್ಲ. ಆದರೆ ಟೂಲ್ ಈ ತಿರಸ್ಕಾರವನ್ನೂ ‘ಫೇಲ್’ ಅಂತಲೇ ಏಜೆಂಟ್‌ಗೆ ತಿಳಿಸಿದರೆ, ಏಜೆಂಟ್ ಮುಂದಿನ ಹೆಜ್ಜೆ ಇಡುತ್ತದೆ: ವಿವಾದ ಹೂಡುತ್ತದೆ, ಇಲ್ಲವೇ ಕೆಲಸಗಾರ ಏಜೆಂಟ್‌ಗೆ ಬೇರೆ ದಾರಿಯಲ್ಲಿ ನೇರವಾಗಿ ದುಡ್ಡು ಕಳಿಸುತ್ತದೆ. ಡಬಲ್ ಪೇಮೆಂಟ್ ಆಗುವುದು ಆಗ. ಕಾಂಟ್ರಾಕ್ಟ್‌ನಲ್ಲಿ ಏನೂ ತಪ್ಪು ಸಿಗುವುದಿಲ್ಲ, ಎಷ್ಟು ಆಡಿಟ್ ಮಾಡಿದರೂ.

ಪತ್ತೆ ಹಚ್ಚಲು ಟೂಲ್ ಲಾಗ್‌ನಲ್ಲಿ ಎರಡು ಕರೆಗಳ ನಡುವಿನ ಅಂತರ ನೋಡಿ. ಅಂತರ ಸರಿಯಾಗಿ ಟೈಮ್‌ಔಟ್‌ನಷ್ಟೇ ಇದ್ದು, ಐಡಿಗಳ ಪಟ್ಟಿ ಒಂದೇ ಇದ್ದರೆ ಇದೇ ಕಥೆ. ಸರಿಪಡಿಸಲು ಬ್ಯಾಚ್ ಐಡಿಯನ್ನು ಏಜೆಂಟ್ ಕೈಗೆ ಕೊಡಬೇಡಿ. ಎಸ್ಕ್ರೋ ಐಡಿಗಳನ್ನು ವಿಂಗಡಿಸಿ, ಜೋಡಿಸಿ, ಹ್ಯಾಶ್ ಮಾಡಿ ಟೂಲೇ ತಯಾರಿಸಲಿ. ಅದೇ ಪಟ್ಟಿ ಮತ್ತೆ ಬಂದರೆ ಅದೇ ಐಡಿ, ಅದೇ ಹಳೆಯ ಉತ್ತರ. ಕಳಿಸಿದ ಕೂಡಲೇ ಟ್ರಾನ್ಸಾಕ್ಷನ್ ಹ್ಯಾಶ್ ಕೊಟ್ಟುಬಿಡಿ, ಸ್ಥಿತಿ ಕೇಳಲು ಬೇರೆ ಕರೆ ಇರಲಿ. ‘ಆಗಲೇ ಸೆಟಲ್ ಆಗಿದೆ’ ಅನ್ನುವುದನ್ನು ಯಶಸ್ಸು ಅಂತಲೇ ತಿಳಿಸಿ.

ಟ್ರಾನ್ಸಾಕ್ಷನ್ ಬ್ಲಾಕ್‌ಗೇ ಬಂದಿಲ್ಲ

ರಿಸೀಟ್ ಕೇಳಿದರೆ ಖಾಲಿ ಬರುತ್ತಿದೆ ಅಂದರೆ ಕಳಿಸುವ ವಾಲೆಟ್‌ನ ನಾನ್ಸ್ (ಅದರ ಟ್ರಾನ್ಸಾಕ್ಷನ್‌ಗಳ ಕ್ರಮಸಂಖ್ಯೆ) ನೋಡಿ. ‘ಲೇಟೆಸ್ಟ್’ ಎಣಿಕೆ ಮತ್ತು ‘ಪೆಂಡಿಂಗ್’ ಎಣಿಕೆ ಎರಡನ್ನೂ ಕೇಳಿ. ಪೆಂಡಿಂಗ್ ಮುಂದಿದ್ದರೆ ಯಾವುದೋ ಕಾಯುತ್ತಿದೆ, ಸಾಮಾನ್ಯವಾಗಿ ಫೀ ಕಡಿಮೆ ಇಟ್ಟಿದ್ದಕ್ಕೆ. ಎರಡೂ ಸಮ ಇದ್ದು ನಿಮ್ಮ ಟ್ರಾನ್ಸಾಕ್ಷನ್‌ನ ನಾನ್ಸ್ ಅದಕ್ಕಿಂತ ದೊಡ್ಡದಿದ್ದರೆ ನಡುವೆ ತೂತಿದೆ. ಆ ತೂತು ತುಂಬುವ ತನಕ ನಿಮ್ಮದು ಬ್ಲಾಕ್‌ಗೆ ಬರುವುದಿಲ್ಲ. ನಿಮ್ಮ ನಾನ್ಸ್ ಲೇಟೆಸ್ಟ್‌ಗಿಂತ ಚಿಕ್ಕದಿದ್ದರೆ ಆ ಜಾಗವನ್ನು ಬೇರೊಂದು ಟ್ರಾನ್ಸಾಕ್ಷನ್ ಆಗಲೇ ಹಿಡಿದಿದೆ, ಕಾಯುವುದರಲ್ಲಿ ಪ್ರಯೋಜನವಿಲ್ಲ. ಕಾಯುತ್ತಿರುವುದನ್ನು ಬದಲಾಯಿಸಲು ಅದೇ ನಾನ್ಸ್‌ನಲ್ಲಿ ಫೀ ಹೆಚ್ಚಿಸಿ ಕಳಿಸಿ. ಗೆತ್ (ಇಥೀರಿಯಂನ ಒಂದು ನೋಡ್ ಸಾಫ್ಟ್‌ವೇರ್) ನೋಡ್‌ಗಳಲ್ಲಿ ಕನಿಷ್ಠ ಶೇ 10 ಜಾಸ್ತಿ ಇರಬೇಕು, ಒಟ್ಟು ಫೀ ಮತ್ತು ಟಿಪ್ ಎರಡೂ ಮಿತಿಗಳಲ್ಲಿ. ಒಂದನ್ನು ಮಾತ್ರ ಏರಿಸಿದರೆ ತಿರಸ್ಕರಿಸುತ್ತದೆ. ಇಂಥದ್ದು ಪದೇ ಪದೇ ಆಗುತ್ತಿದ್ದರೆ ಒಂದೇ ಕೀಯನ್ನು ಟೂಲ್‌ನ ಎರಡು ಪ್ರತಿಗಳು ಬಳಸುತ್ತಿವೆ. ಒಂದು ಪ್ರತಿಗೆ ಒಂದು ಕೀ ಇಡಿ.

ಸಹಿ ಹೊಂದುತ್ತಿಲ್ಲ

ಸಹಿಯಿಂದ ವಿಳಾಸ ತೆಗೆದು ನೋಡಿ. ಬರುವ ವಿಳಾಸ ನಿಮಗೆ ಗೊತ್ತಿರುವ ಇನ್ನೊಂದು ಏಜೆಂಟ್‌ನದ್ದಾದರೆ ಕೀ ತಪ್ಪು. ಯಾರಿಗೂ ಸೇರದ, ಒಂದೊಂದು ಎಸ್ಕ್ರೋಗೆ ಒಂದೊಂದು ವಿಳಾಸ ಬರುತ್ತಿದ್ದರೆ ಕೀ ಸರಿ ಇದೆ, ಸಹಿ ಹಾಕಿದ ಡೇಟಾ ಮತ್ತು ಪರೀಕ್ಷಿಸುವ ಡೇಟಾ ಬೇರೆ ಬೇರೆ.

ಎರಡನೆಯದಕ್ಕೆ ಮೊದಲು ನೋಡಬೇಕಾದದ್ದು ಇಐಪಿ-712ರ (ಸಹಿ ಹಾಕುವ ಡೇಟಾದ ನಿಯಮ) ಡೊಮೇನ್: ಹೆಸರು, ಆವೃತ್ತಿ, ಚೈನ್ ಐಡಿ, ಕಾಂಟ್ರಾಕ್ಟ್ ವಿಳಾಸ. ಟೆಸ್ಟ್‌ನೆಟ್‌ನಲ್ಲಿ ಓಡಿದ್ದು ಮೇನ್‌ನೆಟ್‌ನಲ್ಲಿ ಓಡದಿದ್ದರೆ ನೇರ ಇಲ್ಲಿಗೆ ಬನ್ನಿ. ಬೇಸ್ ಮೇನ್‌ನೆಟ್ ಚೈನ್ ಐಡಿ 8453, ಅದರ ಟೆಸ್ಟ್‌ನೆಟ್ ಬೇಸ್ ಸೆಪೋಲಿಯಾದ್ದು 84532. ಇದನ್ನು ಎಲ್ಲರೂ ನೋಡುತ್ತಾರೆ. ನೋಡದೇ ಬಿಡುವುದು ಹೆಸರನ್ನು. ಮೇನ್‌ನೆಟ್‌ನಲ್ಲಿ ಟೋಕನ್ ತನ್ನನ್ನು ‘ಯುಎಸ್‌ಡಿ ಕಾಯಿನ್’ ಅಂತ ಕರೆದುಕೊಳ್ಳುತ್ತದೆ, ಸೆಪೋಲಿಯಾದಲ್ಲಿ ‘ಯುಎಸ್‌ಡಿಸಿ’ ಅಂತ. ಎಕ್ಸ್402 ಅಥವಾ ಇಐಪಿ-3009 (ಸಹಿಯಿಂದಲೇ ದುಡ್ಡು ಕಟ್ಟುವ ಕ್ರಮಗಳು) ಮೂಲಕ ಏಜೆಂಟ್ ದುಡ್ಡು ಕಟ್ಟುವ ವ್ಯವಸ್ಥೆ ಇದ್ದರೆ ಹೆಸರನ್ನು ಕಾನ್ಫಿಗ್‌ನಲ್ಲಿ ಬರೆಯಬೇಡಿ, ಕಾಂಟ್ರಾಕ್ಟನ್ನೇ ಕೇಳಿ.

ಏಜೆಂಟ್ ಬಳಸುತ್ತಿರುವುದು ಕಾಂಟ್ರಾಕ್ಟ್ ವಾಲೆಟ್ ಆದರೆ ಈ ಪರೀಕ್ಷೆಯೇ ಅನ್ವಯಿಸುವುದಿಲ್ಲ. ಆ ವಾಲೆಟ್‌ಗೇ ಇಆರ್‌ಸಿ-1271 ಪ್ರಕಾರ ಸಹಿ ತೋರಿಸಬೇಕು. ಸರಿ ಇದ್ದರೆ 1626ಬಿಎ7ಇ ಅಂತ ಉತ್ತರ ಬರುತ್ತದೆ. ವಾಲೆಟ್ ಇನ್ನೂ ಚೈನ್ ಮೇಲೆ ಡಿಪ್ಲಾಯ್ ಆಗಿಲ್ಲದಿದ್ದರೆ ಉತ್ತರವೇ ಇಲ್ಲ.

ಮೊತ್ತ, ಗಡುವು, ಐಡಿ

ಯುಎಸ್‌ಡಿಸಿಗೆ ಇಥೀರಿಯಂನಲ್ಲೂ ಬೇಸ್‌ನಲ್ಲೂ 6 ದಶಮಾಂಶ, ಈಥರ್‌ಗೆ 18. ಅದಲುಬದಲಾದರೆ ವ್ಯತ್ಯಾಸ ಒಂದು ಲಕ್ಷ ಕೋಟಿ ಪಟ್ಟು, ಬ್ಯಾಲೆನ್ಸ್ ಸಾಲದು ಅಂತ ಕೂಡಲೇ ಬೀಳುತ್ತದೆ. ತೊಂದರೆ ಕೊಡುವುದು ಚಿಕ್ಕ ವ್ಯತ್ಯಾಸಗಳು. 10,00,001 ಯೂನಿಟ್‌ನ ಎಸ್ಕ್ರೋದಲ್ಲಿ ಶೇ 2.5 ಶುಲ್ಕ ಅಂದರೆ 25,000. ಶೇ 97.5 ಕೆಲಸಗಾರರಿಗೆ, ಅಂದರೆ 9,75,000. ಎರಡೂ ಸೇರಿ 10,00,000. ಒಂದು ಯೂನಿಟ್ ಮಾಯ. ಮೊತ್ತ ಸರಿಹೊಂದಲೇಬೇಕು ಅಂತ ಕಾಂಟ್ರಾಕ್ಟ್ ಹಟ ಹಿಡಿದರೆ ಆ ಎಸ್ಕ್ರೋ ಯಾವತ್ತೂ ಸೆಟಲ್ ಆಗುವುದಿಲ್ಲ. ಶುಲ್ಕ ಮಾತ್ರ ಭಾಗಿಸಿ ತೆಗೆಯಿರಿ, ಉಳಿದದ್ದನ್ನು ಕಳೆದು ತೆಗೆಯಿರಿ. ಇನ್ನೊಂದು: ಜೆಸನ್‌ನಲ್ಲಿ ಮೊತ್ತವನ್ನು ಸಂಖ್ಯೆಯಾಗಿ ಕಳಿಸಬೇಡಿ, ಸ್ಟ್ರಿಂಗ್ ಆಗಿ ಕಳಿಸಿ. ಜಾವಾಸ್ಕ್ರಿಪ್ಟ್ 9007199254740991ರ ಆಚೆ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿಯುವುದಿಲ್ಲ. ಈಥರ್ ಲೆಕ್ಕದಲ್ಲಿ ಅದು 0.01 ಕೂಡ ಅಲ್ಲ.

ನಮ್ಮ ಕಡೆಯ ಟೂಲ್‌ಗಳಲ್ಲಿ ಬರುವ ಒಂದು ವಿಶೇಷ: ಭಾರತೀಯ ಲೊಕೇಲ್‌ನಲ್ಲಿ ಅಚ್ಚಾದ ‘1,00,000’ವನ್ನು ಏಜೆಂಟ್ ಓದಿ ವಾಪಸ್ ಟೂಲ್‌ಗೆ ಹಾಗೇ ಕೊಡುತ್ತದೆ. ಅಲ್ಪವಿರಾಮ ಕಂಡು ಕೆಲವು ಪಾರ್ಸರ್ ಎರರ್ ಕೊಡುತ್ತವೆ, ಕೆಲವು ಮೊದಲ 1ಕ್ಕೇ ನಿಲ್ಲುತ್ತವೆ. ಎರಡನೇ ಥರದವು ಅಪಾಯ.

ಗಡುವು ಮುಗಿದಿದೆ ಅಂತ ಬಂದರೆ ಗಡುವಿನ ಸಂಖ್ಯೆಯನ್ನು ಬ್ಲಾಕ್ ಸಮಯದೊಂದಿಗೆ ಹೋಲಿಸಿ. ಇರಬೇಕಾದ ಗಡುವಿಗೂ ಇರುವುದಕ್ಕೂ ಸರಿಯಾಗಿ 19,800 ಸೆಕೆಂಡ್ ವ್ಯತ್ಯಾಸ ಇದ್ದರೆ ಬೇರೆ ಏನೂ ಹುಡುಕಬೇಡಿ. ಅದು ಐದೂವರೆ ಗಂಟೆ, ಯಾರೋ ಯುಟಿಸಿ ಸಮಯವನ್ನು ಭಾರತದ ಸಮಯ ಅಂತ ಕೊಟ್ಟಿದ್ದಾರೆ. ಸಂಖ್ಯೆಯಲ್ಲಿ 10ರ ಬದಲು 13 ಅಂಕಿ ಇದ್ದರೆ ಮಿಲಿಸೆಕೆಂಡ್ ಕೊಟ್ಟಿದ್ದಾರೆ. ಆಗ ಗಡುವು ಮುಗಿಯುವುದೇ ಇಲ್ಲ, ದೂರು ರೀಫಂಡ್ ಕಡೆಯಿಂದ ಬರುತ್ತದೆ.

ಐಡಿ ಸಿಗುತ್ತಿಲ್ಲ ಅಂದರೆ ಏಜೆಂಟ್‌ನ ಸಂಭಾಷಣೆ ಓದಿ. 64 ಅಕ್ಷರದ ಐಡಿಯನ್ನು ಅದು ನಡುವೆ ಚುಕ್ಕಿ ಹಾಕಿ ಮೊಟಕು ಮಾಡಿರುತ್ತದೆ. ಆಮೇಲೆ ಬೇಕಾದಾಗ ನಡುವಿನ ಭಾಗವನ್ನು ತಾನೇ ತುಂಬುತ್ತದೆ. ತಲೆ ಸರಿ, ಬಾಲ ಸರಿ, ಹೊಟ್ಟೆ ಕಲ್ಪನೆ! ಕಣ್ಣಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಯಾಕೆಂದರೆ ನಾವೂ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಮಾತ್ರ ನೋಡುತ್ತೇವೆ, ಅಲ್ವಾ? ಏಜೆಂಟ್‌ಗೆ 1, 2, 3 ಅಂತ ಚಿಕ್ಕ ಗುರುತು ಕೊಡಿ, ಪೂರ್ತಿ ಐಡಿ ಟೂಲ್ ಒಳಗೇ ಇರಲಿ. ವಿಳಾಸಗಳಿಗೆ ಇಐಪಿ-55 ಚೆಕ್‌ಸಮ್ (ದೊಡ್ಡಕ್ಷರ-ಸಣ್ಣಕ್ಷರದಿಂದ ತಪ್ಪು ಹಿಡಿಯುವ ಗುರುತು) ಕಡ್ಡಾಯ ಮಾಡಿ, ಎಲ್ಲ ಸಣ್ಣಕ್ಷರದಲ್ಲಿ ಬಂದದ್ದನ್ನು ಒಪ್ಪಬೇಡಿ. ಸಣ್ಣಕ್ಷರ ಮಾಡಿದ ಕೂಡಲೇ ಚೆಕ್‌ಸಮ್ ಹೋಯಿತು.

ಮತ್ತೆ ಕಳಿಸುವಾಗ

ಕಾರಣ ಸಿಕ್ಕಿದ ಮೇಲೂ ಹಳೆಯ ಬ್ಯಾಚನ್ನೇ ಕಳಿಸಬೇಡಿ. ಚೈನ್‌ನಿಂದ ಪ್ರತಿ ಐಡಿಯ ಸ್ಥಿತಿ ಓದಿ, ‘ಬಿಡುಗಡೆಗೆ ಸಿದ್ಧ’ ಅಂತ ಇರುವವನ್ನು ಮಾತ್ರ ಸೇರಿಸಿ ಹೊಸ ಬ್ಯಾಚ್ ಕಟ್ಟಿ. ನೀವು ಕಾರಣ ಹುಡುಕುತ್ತಿದ್ದಾಗ ಯಾವುದೋ ಏಜೆಂಟ್ ವಿವಾದ ಹೂಡಿರಬಹುದು, ಯಾವುದೋ ರೀಫಂಡ್ ಆಗಿರಬಹುದು. ಮೊದಲು ಬಿದ್ದದ್ದರಲ್ಲಿ ಒಂದನ್ನು ಮಾತ್ರ ಒಂಟಿಯಾಗಿ ಕಳಿಸಿ. ಲಾಗ್ ಮೂರು ಬಂತಾ, ವಾಲೆಟ್‌ಗೆ ದುಡ್ಡು ಸೇರಿತಾ ನೋಡಿ. ಸೇರಿದ್ದರೆ ಉಳಿದದ್ದನ್ನು ಕಳಿಸಿ, ಡೇಟಾಬೇಸ್ ಸರಿಮಾಡಿ, ಕೊನೆಗೆ ಏಜೆಂಟ್‌ಗೆ ಟ್ರಾನ್ಸಾಕ್ಷನ್ ಹ್ಯಾಶ್ ಸಮೇತ ತಿಳಿಸಿ. ರಿಟ್ರೈ ಆನ್ ಮಾಡುವುದು ಅದಾದ ಮೇಲೆ.